ಬ್ಯಾಂಕಾಕ್‌ನಲ್ಲಿ ಮೂರು ದಿನ: ಯಾವುದನ್ನು ನೋಡಬೇಕು, ಯಾವುದನ್ನು ಬಿಡಬಹುದು

ಬ್ಯಾಂಕಾಕ್‌ಗೆ ಹೊರಟವರ ಕೈಯಲ್ಲಿ ಸಾಮಾನ್ಯವಾಗಿ ಉದ್ದನೆಯ ಪಟ್ಟಿಯೊಂದು ಇರುತ್ತದೆ. ಅರಮನೆ, ಮಲಗಿದ ಬುದ್ಧ, ತೇಲುವ ಮಾರುಕಟ್ಟೆ, ಗಾಜಿನ ನೆಲದ ಕಟ್ಟಡ, ಚೈನಾಟೌನ್, ರಾತ್ರಿ ದೋಣಿಯಲ್ಲಿ ಊಟ. ಮೂರು ದಿನಕ್ಕೆ ಇಪ್ಪತ್ತು ಜಾಗ! ಓಡಾಡಿ ಎಲ್ಲವನ್ನೂ ಮುಟ್ಟಿ ಬರಬಹುದು. ಆದರೆ ಒಂದನ್ನೂ ಸರಿಯಾಗಿ ನೋಡಿದಂತೆ ಆಗುವುದಿಲ್ಲ.

ಯಾವುದು ಜಾಸ್ತಿ ಪ್ರಸಿದ್ಧ ಎಂದು ಹುಡುಕುವ ಬದಲು, ಯಾವ ಹೊತ್ತಿಗೆ ಎಲ್ಲಿರಬೇಕು ಎಂದು ಯೋಚಿಸಿದರೆ ಆಯ್ಕೆ ಸುಲಭವಾಗುತ್ತದೆ. ಈ ಊರಿನಲ್ಲಿ ಪ್ರವಾಸ ಕೆಡುವುದು ಎರಡೇ ಕಾರಣಕ್ಕೆ. ಒಂದು ನಡುಹಗಲ ಬಿಸಿಲು, ಇನ್ನೊಂದು ರಸ್ತೆಯ ಟ್ರಾಫಿಕ್. ಹಾಗಾಗಿ ಬೆಳಗ್ಗೆ ನದಿ ದಡದ ಜಾಗಗಳು, ಮಧ್ಯಾಹ್ನ ನೆರಳಿರುವ ಕಡೆ, ಸಂಜೆ ಮತ್ತೆ ಬಯಲು. ಓಡಾಟಕ್ಕೆ ಆದಷ್ಟೂ ದೋಣಿ ಮತ್ತು ರೈಲು. ಮುಂದೆ ಹೇಳುವುದೆಲ್ಲ ಈ ಲೆಕ್ಕದಲ್ಲೇ ಇದೆ.

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಒಂದು ಬಾತ್ ಅಂದರೆ ನಮ್ಮ ಎರಡೂವರೆಯಿಂದ ಮೂರು ರೂಪಾಯಿ ಎಂದು ಇಟ್ಟುಕೊಳ್ಳಿ. ಟಿಕೆಟ್ ದರಗಳು ಈಚಿನ ವರ್ಷಗಳಲ್ಲಿ ಏರುತ್ತಲೇ ಇವೆ. ಇಲ್ಲಿ ಕೊಟ್ಟಿರುವ ದರಕ್ಕಿಂತ ಸ್ವಲ್ಪ ಜಾಸ್ತಿಯೇ ಕೈಯಲ್ಲಿಟ್ಟುಕೊಂಡಿರಿ. ದೇವಸ್ಥಾನಗಳ ಕೌಂಟರ್‌ಗಳಲ್ಲಿ ನಗದು ಇದ್ದರೆ ನೆಮ್ಮದಿ.

ಗ್ರ್ಯಾಂಡ್ ಪ್ಯಾಲೇಸೋ, ವಾಟ್ ಪೋನೋ?

ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ವಾಟ್ ಅಂದರೆ ಬೌದ್ಧ ದೇವಾಲಯ, ಮಲಗಿದ ಬುದ್ಧ ಇರುವುದು ವಾಟ್ ಪೋದಲ್ಲಿ. ಎರಡೂ ಅಕ್ಕಪಕ್ಕದಲ್ಲೇ ಇವೆ. ಬಾಗಿಲಿನಿಂದ ಬಾಗಿಲಿಗೆ ನಡೆದರೆ ಹದಿನೈದು ನಿಮಿಷ. ಆದರೆ ಎರಡರ ಸ್ವಭಾವ ಪೂರ್ತಿ ಬೇರೆ.

ಗ್ರ್ಯಾಂಡ್ ಪ್ಯಾಲೇಸ್ ಶುರುವಾಗಿದ್ದು 1782ರಲ್ಲಿ. ಒಂದನೇ ರಾಮ ಎನ್ನುವ ದೊರೆ ರಾಜಧಾನಿಯನ್ನು ನದಿಯ ಆ ದಡದ ಥೊನ್‌ಬುರಿಯಿಂದ ಈ ದಡಕ್ಕೆ ತಂದಾಗ ಕಟ್ಟಿಸಿದ್ದು. ವಿದೇಶಿಯರಿಗೆ ಟಿಕೆಟ್ 500 ಬಾತ್. 120 ಸೆಂಟಿಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಟಿಕೆಟ್ ಇಲ್ಲ. ಬೆಳಗ್ಗೆ 8.30ಕ್ಕೆ ತೆರೆದು ಮಧ್ಯಾಹ್ನ 3.30ಕ್ಕೆ ಟಿಕೆಟ್ ಕೊಡುವುದನ್ನು ನಿಲ್ಲಿಸುತ್ತಾರೆ. ವಾಟ್ ಪೋಗೆ 300 ಬಾತ್. ಅದು ಬೆಳಗ್ಗೆ 8ಕ್ಕೆ ತೆರೆದರೆ ಸಂಜೆ ಆರು ದಾಟಿದರೂ ಇರುತ್ತದೆ. ಈ ಸಮಯದ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅರಮನೆಗೆ ಹೋದವರು ಹೆಚ್ಚಾಗಿ ಪಚ್ಚೆ ಬುದ್ಧನನ್ನು ನೋಡಲು ನುಗ್ಗುತ್ತಾರೆ. ಅದು ಅರಮನೆಯ ಆವರಣದಲ್ಲೇ ಇರುವ ವಾಟ್ ಫ್ರಾ ಕ್ಯೂ ಎನ್ನುವ ದೇವಾಲಯದಲ್ಲಿದೆ. ಥಾಯ್ ಜನರಿಗೆ ಇದಕ್ಕಿಂತ ಪವಿತ್ರವಾದ ಮೂರ್ತಿ ಇನ್ನೊಂದಿಲ್ಲ. ಮೂರ್ತಿಯ ಎತ್ತರ ಸುಮಾರು 66 ಸೆಂಟಿಮೀಟರ್ ಮಾತ್ರ, ಇರುವುದು ತುಂಬಾ ಎತ್ತರದ ಪೀಠದ ಮೇಲೆ. ಬೇಸಿಗೆ, ಮಳೆಗಾಲ, ಚಳಿಗಾಲ ಎಂದು ವರ್ಷಕ್ಕೆ ಮೂರು ಸಲ ಅದರ ಚಿನ್ನದ ಉಡುಪು ಬದಲಾಗುತ್ತದೆ. ಬದಲಾಯಿಸುವ ವಿಧಿ ದೊರೆಯದು. ಒಳಗೆ ಫೋಟೊ ತೆಗೆಯುವಂತಿಲ್ಲ. ಕೂತಾಗ ಕಾಲನ್ನು ಬುದ್ಧನ ಕಡೆ ಚಾಚಬಾರದು, ಹಿಂದಕ್ಕೆ ಮಡಚಿಕೊಳ್ಳಬೇಕು.

ನಮ್ಮವರಿಗೆ ಅರಮನೆಯ ನಿಜವಾದ ಸಂಪತ್ತು ಪಚ್ಚೆ ಬುದ್ಧನ ಗುಡಿಯ ಹೊರಗಿದೆ ಎಂದು ನನಗನ್ನಿಸುತ್ತದೆ. ಈ ದೇವಾಲಯದ ಸುತ್ತ ಒಂದು ಪೌಳಿ ಇದೆ. ಅದರ ಗೋಡೆಯುದ್ದಕ್ಕೂ ರಾಮಕಿಯೆನ್ ಅಂದರೆ ಥಾಯ್ ರಾಮಾಯಣದ ಚಿತ್ರಗಳಿವೆ. ಒಟ್ಟು 178 ಭಾಗಗಳು. ನೇಗಿಲ ಸಾಲಿನಲ್ಲಿ ಮಗು ಸಿಗುವಲ್ಲಿಂದ ಕಥೆ ಶುರು. ಪ್ರದಕ್ಷಿಣೆ ಹಾಕುವಂತೆ ನಡೆಯುತ್ತಾ ಹೋದರೆ ಕಥೆಯೂ ಸರಿಯಾಗಿ ಮುಂದಕ್ಕೆ ಹೋಗುತ್ತದೆ. ಇಲ್ಲಿನ ಹನುಮಂತ ಬಿಳಿ ಬಣ್ಣದವನು, ಬ್ರಹ್ಮಚಾರಿಯಲ್ಲ. ಸೇತುವೆಯ ಕಲ್ಲುಗಳನ್ನು ಕದ್ದೊಯ್ಯುವ ರಾವಣನ ಮಗಳು, ಮತ್ಸ್ಯಕನ್ಯೆ ಸುವರ್ಣಮಚ್ಛಳನ್ನು ಒಲಿಸಿಕೊಳ್ಳುತ್ತಾನೆ. ಒಂದು ಕಡೆ ಅವನು ಬೆಟ್ಟದಷ್ಟು ಬೆಳೆದು, ರಾಮ ಮಲಗಿರುವ ಬಿಡಾರವನ್ನೇ ಬಾಯೊಳಗೆ ಇಟ್ಟುಕೊಂಡು ಕಾವಲು ಕೂತಿದ್ದಾನೆ. ಮೈರಾವಣ ಬಂದು ರಾಮನನ್ನು ಕದ್ದೊಯ್ಯಬಾರದು ಎಂದು ಈ ಉಪಾಯ. ಯಕ್ಷಗಾನದಲ್ಲಿ ಮೈರಾವಣನ ಪ್ರಸಂಗ ನೋಡಿದವರು ಈ ಗೋಡೆಯ ಮುಂದೆ ಸುಮ್ನೆ ಹಾದುಹೋಗಲಾರರು. ಹತ್ತಿರ ಹೋಗಿ ನೋಡಿ. ಆಭರಣ, ಕಿರೀಟ, ಗೋಪುರ ಎಲ್ಲದಕ್ಕೂ ಚಿನ್ನದ ರೇಕು ಹಚ್ಚಿದ್ದಾರೆ. ಯುದ್ಧದ ದೃಶ್ಯಗಳ ಮೂಲೆಗಳಲ್ಲಿ ಅಡುಗೆ ಮಾಡುವವರು, ಕೂತು ಹರಟುವವರು, ಜಗಳವಾಡುವ ಸಾಮಾನ್ಯ ಜನ ಸಣ್ಣ ಸಣ್ಣದಾಗಿ ಸಿಗುತ್ತಾರೆ.

ಇನ್ನೊಂದು ಲಾಭ ಇದೆ. ಪೌಳಿಗೆ ಮಾಡು ಇದೆ, ನೆರಳಿದೆ. ಅಂಗಳದಲ್ಲಿ ಜನ ಕಣ್ಣು ಕುಕ್ಕುವ ಬಿಸಿಲಿನಲ್ಲಿ ಫೋಟೊಗೆ ನಿಂತಿರುವಾಗ ನೀವು ಇಲ್ಲಿ ನಿಧಾನವಾಗಿ ಕಥೆ ಓದಬಹುದು. ಮಕ್ಕಳಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಹುಡುಕಲು ಹೇಳಿ. ದ್ವಾರದಲ್ಲಿ ನಿಂತ ದೊಡ್ಡ ದೊಡ್ಡ ಯಕ್ಷರಲ್ಲಿ ಹಸಿರು ಮೈಯ, ಹತ್ತು ತಲೆಯ ರಾವಣನೂ ಇದ್ದಾನೆ.

ವಾಟ್ ಪೋದಲ್ಲಿ ಕಥೆ ಹುಡುಕಬೇಕಾಗಿಲ್ಲ, ಕಣ್ಣಿಗೆ ಬೀಳುವುದೇ ಸಾಕು. ಮಲಗಿದ ಬುದ್ಧ 46 ಮೀಟರ್ ಉದ್ದ, 15 ಮೀಟರ್ ಎತ್ತರ. ಮೂರ್ತಿಗೂ ಕಟ್ಟಡಕ್ಕೂ ನಡುವೆ ಜಾಗ ಎಷ್ಟು ಕಡಿಮೆ ಅಂದರೆ ಇಡೀ ಬುದ್ಧನನ್ನು ಒಂದೇ ನೋಟಕ್ಕೆ ನೋಡಲು ಆಗುವುದೇ ಇಲ್ಲ. ಕಂಬಗಳ ಸಂದಿಯಿಂದ ಭುಜ, ಮೊಣಕೈ, ಮೊಣಕಾಲು ಎಂದು ತುಂಡು ತುಂಡಾಗಿ ಕಾಣುತ್ತಾ ಹೋಗುತ್ತದೆ. ಪಾದದ ಹತ್ತಿರ ನಿಲ್ಲಿ. ಅಂಗಾಲಿನಲ್ಲಿ ಮುತ್ತಿನ ಚಿಪ್ಪಿನಿಂದ 108 ಮಂಗಳ ಚಿಹ್ನೆಗಳನ್ನು ಕೂರಿಸಿದ್ದಾರೆ. ಬೆನ್ನಿನ ಕಡೆ ಸಾಲಾಗಿ 108 ಕಂಚಿನ ಪಾತ್ರೆಗಳಿವೆ. ಸ್ವಲ್ಪ ದುಡ್ಡು ಕೊಟ್ಟು ಚಿಲ್ಲರೆ ತೆಗೆದುಕೊಂಡು ಒಂದೊಂದಕ್ಕೆ ಒಂದೊಂದು ನಾಣ್ಯ ಹಾಕುತ್ತಾ ಹೋಗುತ್ತಾರೆ. ಆ ಟಿಣ್ ಟಿಣ್ ಸದ್ದು ಒಳಗೆಲ್ಲ ತುಂಬಿರುತ್ತದೆ.

ಮಲಗಿದ ಬುದ್ಧನನ್ನು ನೋಡಿ ಹೊರಟುಬಿಡಬೇಡಿ. ಹಿಂದಿನ ಅಂಗಳಗಳು ಖಾಲಿ ಇರುತ್ತವೆ. ಅಲ್ಲಿ ಸಣ್ಣ ಕಲ್ಲುಗುಡ್ಡೆಗಳ ಮೇಲೆ ಆಸನ ಹಾಕಿರುವ ಋಷಿಗಳ ಮೂರ್ತಿಗಳಿವೆ. ಕಾಲು ತಿರುಚಿದವರು, ಕತ್ತು ಒತ್ತಿಕೊಳ್ಳುತ್ತಿರುವವರು. ಥಾಯ್ ಮಸಾಜ್ ವಿದ್ಯೆಗೆ ಸೇರಿದ ವ್ಯಾಯಾಮಗಳಿವು. ವೈದ್ಯ ಮತ್ತಿತರ ಶಾಸ್ತ್ರಗಳನ್ನು ಕೆತ್ತಿದ ಇಲ್ಲಿನ ಕಲ್ಲುಶಾಸನಗಳು ಯುನೆಸ್ಕೊದ ವಿಶ್ವ ಸ್ಮೃತಿ ಪಟ್ಟಿಯಲ್ಲಿವೆ. ಆವರಣದೊಳಗೇ ಮಸಾಜ್ ಶಾಲೆ ಇದೆ. ಬೀದಿಯ ಅಂಗಡಿಗಿಂತ ದರ ಜಾಸ್ತಿ, ಆದರೆ ಕಲಿತ ಕೈ. ನಡೆದು ನಡೆದು ಕಾಲು ಹಿಡಿದುಕೊಂಡ ಹಿರಿಯರಿಗೆ ಅರ್ಧ ಗಂಟೆ ಮಾಡಿಸಿದರೆ ಮರುದಿನ ಖುಷಿಯಾಗಿ ಹೊರಡುತ್ತಾರೆ.

ಹಾಗಾದರೆ ಯಾವುದು? ಒಂದೇ ನೋಡಲು ಸಾಧ್ಯ, ಜೊತೆಗೆ ವಯಸ್ಸಾದವರಿದ್ದಾರೆ ಅಂದರೆ ವಾಟ್ ಪೋ. ಜನ ಕಡಿಮೆ, ಕೂರಲು ಜಾಗ ಇದೆ, ಖರ್ಚೂ ಕಡಿಮೆ. ರಾಮಾಯಣ ಕೇಳಿ ಬೆಳೆದವರು, ಎರಡು ಗಂಟೆ ನಿಲ್ಲಬಲ್ಲವರು ಅರಮನೆ ಬಿಡಬಾರದು. ಎರಡೂ ಬೇಕು ಅನ್ನುವವರು ಒಂದರ ಹಿಂದೆ ಒಂದನ್ನು ಮಾಡಬೇಡಿ. ಅರಮನೆಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಹನ್ನೊಂದಕ್ಕೆ ಹೊರಗೆ ಬನ್ನಿ. ಮಧ್ಯಾಹ್ನ ಎಸಿ ಇರುವ ಕಡೆ ಕಳೆಯಿರಿ. ಸಂಜೆ ನಾಲ್ಕೂವರೆಗೆ ವಾಟ್ ಪೋಗೆ ಬನ್ನಿ. ಆಗ ಟೂರ್ ಬಸ್‌ಗಳು ಹೊರಟಿರುತ್ತವೆ, ಬಿಸಿಲು ಇಳಿದಿರುತ್ತದೆ. ಹತ್ತಿರದ ಮೆಟ್ರೊ ನಿಲ್ದಾಣ ಸನಾಮ್ ಚಾಯ್.

ಎರಡು ಎಚ್ಚರಿಕೆ. ಭುಜ ಮತ್ತು ಮೊಣಕಾಲು ಮುಚ್ಚಿರಬೇಕು, ಗಂಡಸರ ಅರ್ಧ ಪ್ಯಾಂಟ್‌ಗೆ ಅರಮನೆಯಲ್ಲಿ ಪ್ರವೇಶ ಇಲ್ಲ. ಚೂಡಿದಾರ್ ಆದರೆ ಯೋಚನೆಯೇ ಇಲ್ಲ, ಸೀರೆಯಾದರೆ ತೋಳಿರುವ ರವಿಕೆ ಇರಲಿ. ಎರಡನೆಯದು, ಅರಮನೆಯ ಗೋಡೆಯ ಪಕ್ಕ ಯಾರಾದರೂ ನಗುನಗುತ್ತಾ ಬಂದು, ಇವತ್ತು ಮುಚ್ಚಿದೆ, ಬೇರೆ ದೇವಸ್ಥಾನ ತೋರಿಸುತ್ತೇನೆ, ಟುಕ್‌ಟುಕ್ ಬರೀ 20 ಬಾತ್ ಅಂದರೆ ನಂಬಬೇಡಿ. ಆ ಗಾಡಿ ಹೋಗಿ ನಿಲ್ಲುವುದು ಹರಳಿನ ಅಂಗಡಿಯ ಮುಂದೆ. ರಾಜಮನೆತನದ ಸಮಾರಂಭಗಳಿಗೆ ಅರಮನೆ ಮುಚ್ಚುವುದು ನಿಜ. ಆದರೆ ಅದನ್ನು ಹೋಗುವ ಮುಂಚೆಯೇ ಅರಮನೆಯ ಅಧಿಕೃತ ಜಾಲತಾಣದಲ್ಲಿ ನೋಡಿಕೊಳ್ಳಬಹುದು.

ವಾಟ್ ಅರುಣ್: ಒಳಗೆ ಹೋಗುವುದೋ, ಈಚೆ ದಡದಿಂದ ನೋಡುವುದೋ?

ವಾಟ್ ಪೋ ಹತ್ತಿರದ ಥಾ ಟಿಯನ್ ದೋಣಿಕಟ್ಟೆಯಿಂದ ನದಿ ದಾಟಿದರೆ ವಾಟ್ ಅರುಣ್. ದೋಣಿಗೆ ಬರೀ 5 ಬಾತ್. ಒಳಗೆ ಹೋಗಲು 200 ಬಾತ್.

ಇದು ಪಶ್ಚಿಮ ದಡದಲ್ಲಿದೆ. ಹಾಗಾಗಿ ಬೆಳಗಿನ ಬಿಸಿಲು ನೇರವಾಗಿ ಗೋಪುರದ ಮುಖಕ್ಕೇ ಬೀಳುತ್ತದೆ, ಸಂಜೆ ಸೂರ್ಯ ಅದರ ಬೆನ್ನಿಗೆ ಮುಳುಗುತ್ತಾನೆ. ಆಯ್ಕೆ ಇಷ್ಟರಲ್ಲೇ ಇದೆ. ಹತ್ತಿರದಿಂದ ಕೆಲಸ ನೋಡಬೇಕು ಅಂದರೆ ಬೆಳಗ್ಗೆ ಒಳಗೆ ಹೋಗಿ. ದೂರದಿಂದ ಬಿಳಿಯಾಗಿ ಕಾಣುವ ಗೋಪುರದ ತುಂಬ ಚೀನಾದ ಪಿಂಗಾಣಿ ಚೂರುಗಳು. ತಟ್ಟೆ, ಬಟ್ಟಲುಗಳನ್ನು ಒಡೆದು ಹೂವಿನ ದಳಗಳಂತೆ ಜೋಡಿಸಿದ್ದಾರೆ. ಕೆಲವು ತಟ್ಟೆಗಳು ಇಡಿಯಾಗಿಯೇ ಕೂತಿವೆ. ಗೋಪುರದ ಮೇಲ್ಭಾಗದ ಗೂಡುಗಳಲ್ಲಿ ಐರಾವತದ ಮೇಲೆ ಕೂತ ಇಂದ್ರನಿದ್ದಾನೆ. ಮೆಟ್ಟಿಲುಗಳು ತುಂಬಾ ಕಡಿದು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಮಂಡಿ ನೋವಿರುವವರು ಕೆಳಗೇ ಇರಲಿ.

ಸಂಜೆಯಾದರೆ ಟಿಕೆಟ್ ಬೇಕಿಲ್ಲ. ಥಾ ಟಿಯನ್ ಕಡೆಯ ದಡದಲ್ಲೇ ನಿಲ್ಲಿ. ಗೋಪುರ ಕಪ್ಪು ನೆರಳಾಗಿ ನಿಂತು, ಕತ್ತಲಾಗುತ್ತಿದ್ದಂತೆ ದೀಪ ಹತ್ತುತ್ತದೆ. ಫೋಟೊ ಒಂದೇ ಗುರಿಯಾಗಿದ್ದರೆ ಇಷ್ಟು ಸಾಕು, 200 ಬಾತ್ ಉಳಿಸಿ. ಆದರೆ ಪಿಂಗಾಣಿ ಕೆಲಸವನ್ನು ಈಚೆ ದಡದಿಂದ ಯಾವ ಕ್ಯಾಮೆರಾದಲ್ಲೂ ಹಿಡಿಯಲಾಗದು. ನನ್ನನ್ನು ಕೇಳಿದರೆ ಬೆಳಗ್ಗೆ ಹೋಗುವುದೇ ಸರಿ.

ಇತ್ತೀಚೆಗೆ ಇಲ್ಲಿ ಥಾಯ್ ಉಡುಪು ಬಾಡಿಗೆಗೆ ತೊಟ್ಟು ಫೋಟೊ ತೆಗೆಸಿಕೊಳ್ಳುವವರು ಜಾಸ್ತಿ. ಹತ್ತು ಗಂಟೆ ದಾಟಿದರೆ ಮೆಟ್ಟಿಲು ಮೆಟ್ಟಿಲಿಗೂ ಒಬ್ಬೊಬ್ಬರು ನಿಂತಿರುತ್ತಾರೆ. ಅಷ್ಟರೊಳಗೆ ಮುಗಿಸಿ.

ಯಾವ ದೋಣಿ?

ಚಾವೊ ಫ್ರಯಾ ನದಿಯ ಮೇಲೆ ಹೋಗುವುದೇ ಬ್ಯಾಂಕಾಕ್‌ನ ದೊಡ್ಡ ಖುಷಿ. ಸಾಥೊರ್ನ್ ದೋಣಿಕಟ್ಟೆ ಸಫಾನ್ ತಕ್ಸಿನ್ ಸ್ಕೈಟ್ರೇನ್ ನಿಲ್ದಾಣದ ಕೆಳಗೇ ಇದೆ. ಅಲ್ಲಿ ನೀಲಿ ಬಾವುಟದ ಪ್ರವಾಸಿ ದೋಣಿ ಮತ್ತು ಕಿತ್ತಳೆ ಬಾವುಟದ ಸಾಮಾನ್ಯ ದೋಣಿ ಎರಡೂ ಸಿಗುತ್ತವೆ. ನೀಲಿಗೆ ದಿನದ ಪಾಸ್ 150 ಬಾತ್. ಕಿತ್ತಳೆಗೆ ಎಲ್ಲಿ ಹತ್ತಿ ಎಲ್ಲಿ ಇಳಿದರೂ 16 ಬಾತ್. ನಿಲ್ಲುವ ಜಾಗಗಳು ಹೆಚ್ಚುಕಡಿಮೆ ಅವೇ, ನದಿಯೂ ಅದೇ. ದಿನಕ್ಕೆ ಐದಾರು ಸಲ ಹತ್ತಿಳಿಯುವವರಿಗೆ, ಕೂರಲು ಸೀಟು ಬೇಕೇಬೇಕು ಅನ್ನುವವರಿಗೆ ಮಾತ್ರ ನೀಲಿ ಲಾಭ. ಉಳಿದವರಿಗೆ ಕಿತ್ತಳೆ. ಅದರಲ್ಲಿ ಶಾಲೆ ಮಕ್ಕಳು, ಕಚೇರಿಯವರು, ಭಿಕ್ಷುಗಳು ಎಲ್ಲರೂ ಇರುತ್ತಾರೆ. ಭಿಕ್ಷುಗಳಿಗೆ ಬೇರೆಯೇ ಜಾಗ ಬಿಟ್ಟಿರುತ್ತಾರೆ, ಅಲ್ಲಿ ನಿಲ್ಲಬೇಡಿ. ಹೆಂಗಸರು ಅವರನ್ನು ಮುಟ್ಟುವಂತಿಲ್ಲ ಎನ್ನುವುದೂ ನೆನಪಿರಲಿ.

ರಾತ್ರಿಯ ಊಟದ ಹಡಗು? ದೀಪ, ಹಾಡು, ಬಫೆ. ಗುಂಪಾಗಿ ಹೋದವರಿಗೆ ಖುಷಿ ಕೊಡುತ್ತದೆ. ಶುದ್ಧ ಸಸ್ಯಾಹಾರಿಗಳಿಗೆ ಕೊಟ್ಟ ದುಡ್ಡಿಗೆ ತಕ್ಕ ಊಟ ಸಿಗುವುದು ಅಪರೂಪ, ಬುಕ್ ಮಾಡುವ ಮುಂಚೆ ಮೆನು ಕೇಳಿಕೊಳ್ಳಿ.

ಎತ್ತರದಿಂದ ಊರು ನೋಡಲು

ಮಹಾನಖೋನ್ ಕಟ್ಟಡ 314 ಮೀಟರ್ ಎತ್ತರ. ಮೇಲೆ ಗಾಜಿನ ನೆಲ. ಟಿಕೆಟ್ ಸಾವಿರ ಬಾತ್‌ನ ಆಸುಪಾಸು, ಸೂರ್ಯಾಸ್ತದ ಹೊತ್ತಿಗೆ ಇನ್ನೂ ಜಾಸ್ತಿ. ಹುಡುಗರಿಗೆ ಗಾಜಿನ ಮೇಲೆ ಕೂತು ಕೆಳಗೆ ನೋಡುವ ಥ್ರಿಲ್ ಬೇಕಿದ್ದರೆ ಹೋಗಿ.

ನಾನು ಮಾತ್ರ ವಾಟ್ ಸಾಕೇತ್‌ನ ಚಿನ್ನದ ಗುಡ್ಡವನ್ನೇ ಹೇಳುತ್ತೇನೆ. ಪ್ರವೇಶ 100 ಬಾತ್. ಸಮತಟ್ಟಾದ ಊರಿನ ನಡುವೆ ಇದು ಮನುಷ್ಯರೇ ಎಬ್ಬಿಸಿದ ಗುಡ್ಡ. ಮೂರನೇ ರಾಮ ಇಲ್ಲಿ ದೊಡ್ಡ ಸ್ತೂಪ ಕಟ್ಟಿಸಲು ಹೊರಟಿದ್ದ. ಮೆತ್ತನೆಯ ಮಣ್ಣು ತಡೆಯದೆ ಅದು ಕುಸಿಯಿತು. ಆ ಕುಸಿದ ರಾಶಿಯೇ ಮುಂದೆ ಗುಡ್ಡವಾಗಿ, ಅದರ ನೆತ್ತಿಯ ಮೇಲೆ ಸ್ತೂಪ ಬಂತು. ಉತ್ತರ ಪ್ರದೇಶದ ಪಿಪ್ರಾಹ್ವಾದಲ್ಲಿ 1898ರಲ್ಲಿ ಅಗೆದಾಗ ಸಿಕ್ಕ ಬುದ್ಧನ ಅವಶೇಷಗಳನ್ನು ಸಯಾಮ್ ಅಂದರೆ ಆಗಿನ ಥಾಯ್ಲೆಂಡ್‌ನ ದೊರೆಗೆ ಕೊಟ್ಟರು. ಅವು ಇರುವುದು ಇಲ್ಲೇ. ಮುನ್ನೂರು ದಾಟುವ ಮೆಟ್ಟಿಲುಗಳಿದ್ದರೂ ತಗ್ಗು ಮೆಟ್ಟಿಲು. ಗುಡ್ಡ ಸುತ್ತಿಕೊಂಡು ಮರಗಳ ನೆರಳಲ್ಲೇ ಏರುತ್ತವೆ. ದಾರಿಯುದ್ದಕ್ಕೂ ಗಂಟೆಗಳಿವೆ, ಬಾರಿಸುತ್ತಾ ಹೋಗಬಹುದು. ಮೇಲೆ ನಿಂತರೆ ಒಂದು ಕಡೆ ಹಳೇ ಊರಿನ ಕೆಂಪು ಹೆಂಚು ಮತ್ತು ದೇವಾಲಯದ ಶಿಖರಗಳು, ಇನ್ನೊಂದು ಕಡೆ ಹೊಸ ಊರಿನ ಗಾಜಿನ ಕಟ್ಟಡಗಳು. ಸಂಜೆ ಐದಕ್ಕೆ ಹತ್ತಿದರೆ ಸರಿ.

ಇದರ ಹತ್ತಿರವೇ ದೊಡ್ಡ ಉಯ್ಯಾಲೆ ಇದೆ. ಸುಮಾರು 27 ಮೀಟರ್ ಎತ್ತರದ ಕೆಂಪು ಕಂಬಗಳು. ಮೊದಲು ಬ್ರಾಹ್ಮಣರ ಹಬ್ಬದಲ್ಲಿ ಇದರಲ್ಲಿ ಜೀಕಿ, ಕಂಬಕ್ಕೆ ಕಟ್ಟಿದ ದುಡ್ಡಿನ ಚೀಲವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದರು. 1935ರಲ್ಲಿ ಅದು ನಿಂತಿತು. ಪಕ್ಕದ ಬೀದಿಯಲ್ಲಿ 1784ರಲ್ಲಿ ಕಟ್ಟಿದ ದೇವಸ್ಥಾನ್ ಎನ್ನುವ ಗುಡಿ ಇದೆ. ಶಿವ, ಗಣಪತಿ, ವಿಷ್ಣುವಿಗೆ ಒಂದೊಂದು ಕಟ್ಟಡ. ಅರಮನೆಯ ಬ್ರಾಹ್ಮಣ ಪುರೋಹಿತರ ಕೇಂದ್ರ ಇದು. ಪ್ರತಿ ವರ್ಷ ಮೇ ತಿಂಗಳಲ್ಲಿ ನಡೆಯುವ ರಾಜಮನೆತನದ ಹೊನ್ನಾರು ಹಬ್ಬದ ವಿಧಿಗಳನ್ನು ನಡೆಸುವವರು ಇವರೇ. ಪ್ರವಾಸಿಗಳು ಇತ್ತ ಬರುವುದು ಕಡಿಮೆ. ಎರವಾನ್ ಬ್ರಹ್ಮನ ಗುಡಿಗೆ ಮಾತ್ರ ಎಲ್ಲರೂ ಹೋಗುತ್ತಾರೆ. ಅದು 1956ರದು, ಚಿಟ್ ಲೋಮ್ ನಿಲ್ದಾಣದ ಹತ್ತಿರ, ಮಾಲ್‌ಗಳ ನಡುವೆ. ನಾಲ್ಕು ಮುಖದ ಬ್ರಹ್ಮನ ಮುಂದೆ ಹರಕೆ ತೀರಿಸಲು ಜನ ನರ್ತಕಿಯರನ್ನು ಕುಣಿಸುವುದನ್ನು ನೋಡಬೇಕು. ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ಹತ್ತು ನಿಮಿಷ ಸಾಕು. ಬೇಕೆಂದೇ ಅದಕ್ಕಾಗಿ ಊರು ದಾಟುವುದಾದರೆ ಅದರ ಬದಲು ಹಳೇ ಊರಿನ ಗುಡಿಗೇ ಹೋಗಿ.

ಮಧ್ಯಾಹ್ನಕ್ಕೆ ನೆರಳು: ರಾಷ್ಟ್ರೀಯ ವಸ್ತುಸಂಗ್ರಹಾಲಯ ಅಥವಾ ಜಿಮ್ ಥಾಂಪ್ಸನ್ ಮನೆ

ಇತಿಹಾಸದ ಹುಚ್ಚಿರುವವರಿಗೆ ವಸ್ತುಸಂಗ್ರಹಾಲಯ. ಅರಮನೆಯಿಂದ ನಡೆಯುವಷ್ಟು ದೂರ. ಹಳೇ ಉಪರಾಜನ ಅರಮನೆಯಲ್ಲೇ ಇದೆ. ಸೋಮವಾರ, ಮಂಗಳವಾರ ರಜೆ. ಇದನ್ನು ಮರೆತು ಹೋಗಿ ಬಾಗಿಲು ನೋಡಿ ಬರುವವರು ತುಂಬಾ ಜನ. ಒಳಗೆ ರಾಜರ ಅಂತ್ಯಯಾತ್ರೆಯ ರಥಗಳ ಭವನ ಇದೆ, ಅದನ್ನು ಬಿಡಬೇಡಿ. ದೊಡ್ಡ ರಥ 1795ರದು, 13 ಟನ್‌ಗೂ ಜಾಸ್ತಿ ತೂಕ. 2017ರಲ್ಲಿ ದೊರೆ ಭೂಮಿಬಲರ ಅಂತ್ಯಯಾತ್ರೆಗೆ ಇದನ್ನೇ ಇನ್ನೂರಕ್ಕೂ ಜಾಸ್ತಿ ಜನ ಹಗ್ಗ ಹಿಡಿದು ಎಳೆದರು. ನಾಗನ ತಲೆಗಳು ಸಾಲು ಸಾಲಾಗಿ ಏರಿ ಹೋಗಿರುವ ಮರದ ಕೆತ್ತನೆ, ಅದರ ಮೇಲೆ ಚಿನ್ನ. ರಥೋತ್ಸವ ನೋಡಿ ಬೆಳೆದ ನಮಗೆ ಗಾಲಿ, ಅಚ್ಚು, ಹಗ್ಗ ಎಲ್ಲ ಗೊತ್ತಿರುವುದೇ, ಆದ್ದರಿಂದ ಅಲ್ಲಿ ನಿಂತು ನೋಡುವ ಆಸೆ ಇನ್ನೂ ಹೆಚ್ಚಾಗುತ್ತದೆ.

ಜಿಮ್ ಥಾಂಪ್ಸನ್ ಅಮೆರಿಕದವರು. ಎರಡನೇ ಮಹಾಯುದ್ಧದ ನಂತರ ಇಲ್ಲೇ ಉಳಿದು, ಸೊರಗಿದ್ದ ಥಾಯ್ ರೇಷ್ಮೆಗೆ ಹೊರದೇಶಗಳಲ್ಲಿ ಮಾರುಕಟ್ಟೆ ಹುಡುಕಿದರು. 1967ರಲ್ಲಿ ಮಲೇಷ್ಯಾದ ಕ್ಯಾಮರೂನ್ ಹೈಲ್ಯಾಂಡ್ಸ್‌ನಲ್ಲಿ ವಾಕಿಂಗ್ ಹೋದವರು ಮತ್ತೆ ಸಿಗಲೇ ಇಲ್ಲ. ಆರು ಹಳೇ ತೇಗದ ಮನೆಗಳನ್ನು ಬಿಚ್ಚಿ ತಂದು ಜೋಡಿಸಿ 1959ರಲ್ಲಿ ಈ ಮನೆ ಕಟ್ಟಿದ್ದರು. ಗೈಡ್ ಜೊತೆಯಲ್ಲೇ ಒಳಗೆ ಬಿಡುತ್ತಾರೆ, ಚಪ್ಪಲಿ ಹೊರಗೆ. ಬರಿಗಾಲಿಗೆ ಆ ತೇಗದ ಹಲಗೆ ಮಧ್ಯಾಹ್ನವೂ ತಣ್ಣಗಿರುತ್ತದೆ. ಮೈಸೂರು ರೇಷ್ಮೆಯ ನುಣುಪಿಗೆ ಒಗ್ಗಿದ ಕೈ ಇಲ್ಲಿನ ಬಟ್ಟೆಯನ್ನು ಮುಟ್ಟಿ ನೋಡಬೇಕು. ನೂಲಿನಲ್ಲಿ ಅಲ್ಲಲ್ಲಿ ಸಣ್ಣ ಗಂಟು ಸಿಗುತ್ತದೆ. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣ ಹಾಕಿರುವುದರಿಂದ ಬೆಳಕಿಗೆ ತಿರುಗಿಸಿದರೆ ಬಣ್ಣವೇ ಬದಲಾಗುತ್ತದೆ. ಅಂಗಡಿಯಲ್ಲಿ ದರ ಜಾಸ್ತಿ, ನೋಡಲು ದುಡ್ಡಿಲ್ಲ.

ಮಕ್ಕಳು ಜೊತೆಗಿದ್ದರೆ ಅಥವಾ ಒಂದೂವರೆ ಗಂಟೆ ಮಾತ್ರ ಇದ್ದರೆ ಈ ಮನೆ. ಅರ್ಧ ದಿನ ಇದ್ದರೆ ವಸ್ತುಸಂಗ್ರಹಾಲಯ. ಎರಡೂ ಬೇಡ ಅನ್ನುವವರು ಸಯಾಮ್ ಎನ್ನುವ ಬಡಾವಣೆಯ ಸುತ್ತಲಿನ ಯಾವುದಾದರೂ ಮಾಲ್‌ನ ಊಟದ ಮಹಡಿಯಲ್ಲಿ ಕೂತರೂ ತಪ್ಪಿಲ್ಲ.

ಒಂದು ಒಳ್ಳೆಯ ದಾರಿ ಹೇಳುತ್ತೇನೆ. ಚಿನ್ನದ ಗುಡ್ಡದ ಬುಡದಲ್ಲಿ ಫಾನ್‌ಫಾ ದೋಣಿಕಟ್ಟೆ ಇದೆ. ಸೇನ್ ಸೇಪ್ ಕಾಲುವೆಯ ದೋಣಿ ಈಗ ಅಲ್ಲಿಂದಲೇ ಹೊರಡುತ್ತದೆಯೋ, ಮುಂದಿನ ಕಟ್ಟೆಯಿಂದಲೋ ಎಂದು ಮೊದಲೇ ಕೇಳಿಕೊಳ್ಳಿ. ಹುವಾ ಚಾಂಗ್‌ನಲ್ಲಿ ಇಳಿದರೆ ಜಿಮ್ ಥಾಂಪ್ಸನ್ ಮನೆ ನಡೆಯುವಷ್ಟು ಹತ್ತಿರ. ರಸ್ತೆಯಲ್ಲಿ ಮುಕ್ಕಾಲು ಗಂಟೆ ಹಿಡಿಯಬಹುದಾದ ದೂರ, ನೀರಿನಲ್ಲಿ ಕಾಲು ಗಂಟೆಯೊಳಗೆ ಮುಗಿಯುತ್ತದೆ. ನೀರು ವಾಸನೆ, ಇಲ್ಲ ಎನ್ನುವುದಿಲ್ಲ. ಎದುರಿನಿಂದ ಇನ್ನೊಂದು ದೋಣಿ ಬಂದಾಗ ಅಂಚಿನಲ್ಲಿ ಕೂತವರು ಹಗ್ಗ ಎಳೆದು ಟಾರ್ಪಾಲು ಎತ್ತಿ ಹಿಡಿಯಬೇಕು, ಇಲ್ಲದಿದ್ದರೆ ನೀರು ಮೈಮೇಲೆ. ಕಂಡಕ್ಟರ್ ಹೆಲ್ಮೆಟ್ ಹಾಕಿಕೊಂಡು ದೋಣಿಯ ಹೊರ ಅಂಚಿನ ಮೇಲೆ ನಡೆಯುತ್ತಾ ಟಿಕೆಟ್ ಕೊಡುತ್ತಾರೆ. ಮಕ್ಕಳಿಗೆ ಇದು ಯಾವ ಮ್ಯೂಸಿಯಂಗಿಂತಲೂ ಹೆಚ್ಚು ಇಷ್ಟವಾಗುತ್ತದೆ. ನೆಲ ತೂಗಾಡುವಾಗಲೇ ಹತ್ತಿ ಇಳಿಯಬೇಕು, ತುಂಬಾ ವಯಸ್ಸಾದವರನ್ನು ಇದರಲ್ಲಿ ಕರೆದುಕೊಂಡು ಹೋಗಬೇಡಿ.

ಮಾರುಕಟ್ಟೆಗಳು

ಚಾತುಚಕ್ ಶನಿವಾರ, ಭಾನುವಾರದ ಸಂತೆ. ಸುಮಾರು 15,000 ಅಂಗಡಿಗಳು. ಕಂಫಾಂಗ್ ಫೆಟ್ ಮೆಟ್ರೊ ನಿಲ್ದಾಣದಿಂದ ಮೇಲೆ ಬಂದರೆ ಸಂತೆಯೊಳಗೇ ಇರುತ್ತೀರಿ. ಬೆಳಗ್ಗೆ ಹತ್ತರ ಹೊತ್ತಿಗೆ ಹೋಗಿ ಮಧ್ಯಾಹ್ನದೊಳಗೆ ಹೊರಡಿ, ತಗಡಿನ ಮಾಡಿನ ಕೆಳಗೆ ಧಗೆ ತಡೆಯಲಾಗದು. ಇಷ್ಟವಾದದ್ದನ್ನು ಅಲ್ಲೇ ತಗೊಳ್ಳಿ. ಆಮೇಲೆ ಬರೋಣ ಅಂದರೆ ಆ ಅಂಗಡಿ ಮತ್ತೆ ಸಿಗುವುದಿಲ್ಲ. ಗುಂಪಿನಲ್ಲಿ ತಪ್ಪಿಸಿಕೊಂಡರೆ ನಡುವಿನ ಗಡಿಯಾರ ಗೋಪುರದ ಹತ್ತಿರ ಸೇರುವುದು ಎಂದು ಮೊದಲೇ ಮಾತಾಡಿಕೊಳ್ಳಿ.

ತೇಲುವ ಮಾರುಕಟ್ಟೆ ಅಂದ ತಕ್ಷಣ ಎಲ್ಲರೂ ಹೇಳುವುದು ದಮ್ನೊನ್ ಸದುವಾಕ್. ಊರಿನಿಂದ ಸುಮಾರು 100 ಕಿಲೋಮೀಟರ್. ಹೋಗಿ ಬರುವುದರಲ್ಲೇ ಅರ್ಧ ದಿನ. ಒಂಬತ್ತು ದಾಟಿದ ಮೇಲೆ ಕಾಲುವೆ ತುಂಬ ಪ್ರವಾಸಿಗಳ ದೋಣಿಗಳೇ, ಒಂದಕ್ಕೊಂದು ತಾಗಿ ನಿಂತುಬಿಡುತ್ತವೆ. ಮೂರೇ ದಿನ ಇರುವವರು ಇದನ್ನು ಬಿಡುವುದು ಒಳ್ಳೆಯದು. ವಾರಾಂತ್ಯದಲ್ಲಿ ಬಂದಿದ್ದರೆ ಊರೊಳಗೇ ಇರುವ ಖ್ಲೋಂಗ್ ಲಾತ್ ಮಯೋಮ್ ಅಥವಾ ತಲಿಂಗ್ ಚಾನ್‌ಗೆ ಹೋಗಿ. ಸಣ್ಣವು, ಆದರೆ ಬ್ಯಾಂಕಾಕ್‌ನವರೇ ಮನೆಮಂದಿ ಸಮೇತ ಊಟಕ್ಕೆ ಬರುವ ಜಾಗ. ದೂರ ಹೋಗಲೇಬೇಕು ಅಂದರೆ ಶುಕ್ರವಾರದಿಂದ ಭಾನುವಾರದ ತನಕ ಸಂಜೆ ಸೇರುವ ಅಂಫಾವಾ. ಕತ್ತಲಾದ ಮೇಲೆ ದೋಣಿಯಲ್ಲಿ ಮಿಂಚುಹುಳು ನೋಡಲು ಕರೆದೊಯ್ಯುತ್ತಾರೆ. ಅದರ ಹತ್ತಿರವೇ ಮೇಕ್ಲೊಂಗ್. ಅಲ್ಲಿ ರೈಲು ಬರುವಾಗ ಹಳಿಯ ಮೇಲಿನ ತರಕಾರಿ ಬುಟ್ಟಿ, ಮಾಡಿನ ಬಟ್ಟೆ ಎಲ್ಲವನ್ನೂ ಸರಸರನೆ ಹಿಂದಕ್ಕೆ ಎಳೆದುಕೊಂಡು, ರೈಲು ಹೋದ ಮೇಲೆ ಮತ್ತೆ ಹರಡುತ್ತಾರೆ.

ಚೈನಾಟೌನ್ ಅಂದರೆ ಯಾವೊರಾತ್ ರಸ್ತೆ ರಾತ್ರಿಯದು, ವಾಟ್ ಮಂಗ್‌ಕೋನ್ ಮೆಟ್ರೊದಲ್ಲಿ ಇಳಿಯಿರಿ. ಅದರ ತುದಿಯಲ್ಲಿರುವ ವಾಟ್ ಟ್ರೈಮಿತ್ ಮಾತ್ರ ಹಗಲಿನದು. ಅಲ್ಲಿ ಐದೂವರೆ ಟನ್ ತೂಕದ ಚಿನ್ನದ ಬುದ್ಧ ಇದೆ. ಗಾರೆ ಮೆತ್ತಿದ ಸಾಮಾನ್ಯ ಮೂರ್ತಿ ಎಂದೇ ಎಲ್ಲರೂ ತಿಳಿದಿದ್ದರು. 1955ರಲ್ಲಿ ಜಾಗ ಬದಲಿಸುವಾಗ ಕೆಳಗೆ ಬಿದ್ದು, ಗಾರೆ ಒಡೆದು ಒಳಗಿನ ಚಿನ್ನ ಕಂಡಿತು.

ಯಾವೊರಾತ್‌ನಲ್ಲಿ ಸಸ್ಯಾಹಾರಿಗಳಿಗೆ ಪರದಾಟ ಜಾಸ್ತಿ. ತರಕಾರಿ ಅಂದರೂ ಮೀನಿನ ಸಾಸ್ ಬಿದ್ದಿರುತ್ತದೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಹುಡುಕಿ, ಅಲ್ಲಿ "ಜೇ" ಅಂದರೆ ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲ, ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ. ತೆಂಗಿನ ಹಾಲು ಹಾಕಿದ ಅಂಟಕ್ಕಿ ಅನ್ನ ಮತ್ತು ಮಾವಿನ ಹಣ್ಣು, ದಾಳಿಂಬೆ ರಸ ಎಲ್ಲ ಕಡೆ ಸಿಗುತ್ತವೆ. ರೊಟ್ಟಿ, ಪಲ್ಯ, ದೋಸೆ ಬೇಕಾದವರಿಗೆ ಹತ್ತಿರದಲ್ಲೇ ಫಾಹುರಾತ್ ಇದೆ. ಅದು ಗುರುದ್ವಾರದ ಸುತ್ತ ಬೆಳೆದ ಭಾರತೀಯರ ಬೀದಿ.

ಬಂದ ದಿನ

ಬೆಂಗಳೂರಿನಿಂದ ನೇರ ವಿಮಾನ ನಾಲ್ಕು ಗಂಟೆಯ ಆಸುಪಾಸು. ರಾತ್ರಿ ಹೊರಟು ನಸುಕಿನಲ್ಲಿ ಇಳಿಯುವವರೇ ಜಾಸ್ತಿ. ರೂಮು ಸಿಗುವುದು ಮಧ್ಯಾಹ್ನ. ನಿದ್ದೆಗೆಟ್ಟ ಕಣ್ಣಲ್ಲಿ ಅರಮನೆಗೆ ಹೋಗಬೇಡಿ. ಬ್ಯಾಗ್ ಹೋಟೆಲ್‌ನಲ್ಲಿಟ್ಟು ಲುಂಫಿನಿ ಉದ್ಯಾನಕ್ಕೆ ಹೋಗಿ, ಟಿಕೆಟ್ ಇಲ್ಲ. ಕೆರೆಯ ಅಂಚಿನಲ್ಲಿ ಆಳುದ್ದದ ಉಡಗಳು ಬಿಸಿಲು ಕಾಯಿಸುತ್ತಾ ಮಲಗಿರುತ್ತವೆ. ಅವುಗಳ ಪಾಡಿಗೆ ಬಿಟ್ಟರೆ ಏನೂ ಮಾಡವು. ಹಕ್ಕಿ ನೋಡುವವರಿಗೆ ಅದಕ್ಕಿಂತ ಬೆಂಜಕಿಟ್ಟಿ ಚೆನ್ನ. ಹಳೇ ತಂಬಾಕು ಕಾರ್ಖಾನೆಯ ಜಾಗದಲ್ಲಿ ಮಾಡಿದ ಕೆರೆ ಕಾಡು, ನೀರಿನ ಮೇಲೆ ಎತ್ತರಿಸಿದ ನಡೆದಾರಿ.

ಒಂದು ದಿನ ಊರಾಚೆ

ನಾಲ್ಕನೇ ದಿನ ಇದ್ದರೆ ಎರಡನೇ ಮಾತಿಲ್ಲದೆ ಅಯುತ್ಥಯಾ. ಬ್ಯಾಂಕಾಕ್‌ನ ಉತ್ತರಕ್ಕೆ ಸುಮಾರು 80 ಕಿಲೋಮೀಟರ್. ನಾನೂರು ವರ್ಷಕ್ಕೂ ಹೆಚ್ಚು ಕಾಲ ರಾಜಧಾನಿಯಾಗಿದ್ದ ಊರು. 1767ರಲ್ಲಿ ಬರ್ಮಾದ ಸೈನ್ಯ ಸುಟ್ಟು ಹಾಳುಮಾಡಿತು. ಹಂಪಿ ನೋಡಿದವರಿಗೆ ಇಲ್ಲಿ ಕಾಲಿಟ್ಟ ತಕ್ಷಣ ಎದೆ ಭಾರವಾಗುತ್ತದೆ. ಅಲ್ಲಿ ಕಲ್ಲು, ಇಲ್ಲಿ ಇಟ್ಟಿಗೆ, ಅಷ್ಟೇ ವ್ಯತ್ಯಾಸ. ತಲೆಯಿಲ್ಲದ ಬುದ್ಧರು ಸಾಲಾಗಿ ಕೂತಿದ್ದಾರೆ. ವಾಟ್ ಮಹಾಥಾತ್‌ನಲ್ಲಿ ಆಲದ ಜಾತಿಯ ಮರವೊಂದರ ಬೇರುಗಳು ಬುದ್ಧನ ತಲೆಯೊಂದನ್ನು ಅಪ್ಪಿ ಹಿಡಿದಿವೆ. ಅದರ ಜೊತೆ ಫೋಟೊ ತೆಗೆಸಿಕೊಳ್ಳುವವರು ನೆಲದ ಮೇಲೆ ಕೂರಬೇಕು. ನಿಮ್ಮ ತಲೆ ಬುದ್ಧನ ತಲೆಗಿಂತ ಮೇಲಿರಬಾರದು.

ಟೂರ್ ಕಾರು ಬೇಕಿಲ್ಲ. ಮೂರನೇ ದರ್ಜೆ ರೈಲಿಗೆ 20 ಬಾತ್‌ನ ಆಸುಪಾಸು. 2023ರಿಂದ ದೂರದ ರೈಲುಗಳು ಕ್ರುಂಗ್ ಥೇಪ್ ಅಫಿವಾತ್ ಎನ್ನುವ ಹೊಸ ನಿಲ್ದಾಣದಿಂದ ಹೊರಡುತ್ತವೆ. ಸಾಮಾನ್ಯ ರೈಲುಗಳು ಹಳೇ ಹುವಾ ಲಂಫೊಂಗ್‌ನಿಂದ. ನಿಮ್ಮ ರೂಮು ಯಾವುದಕ್ಕೆ ಹತ್ತಿರವೋ ಅದನ್ನು ಹಿಡಿಯಿರಿ. ಇಳಿದ ಮೇಲೆ ಸಣ್ಣ ದೋಣಿಯಲ್ಲಿ ನದಿ ದಾಟಿ, ಸೈಕಲ್ ಬಾಡಿಗೆಗೆ ತಗೊಳ್ಳಿ. ಬಿಸಿಲು ತಡೆಯದವರಿಗೆ ಗಂಟೆ ಲೆಕ್ಕದಲ್ಲಿ ಟುಕ್‌ಟುಕ್ ಸಿಗುತ್ತದೆ. ವಾಟ್ ಚೈವತ್ಥನಾರಾಮ್ ಅನ್ನು ಸಂಜೆಗೆ ಇಟ್ಟುಕೊಳ್ಳಿ, ಅದು ನದಿ ದಡದಲ್ಲಿದೆ.

ಬೆಳಗ್ಗೆ ದಮ್ನೊನ್ ಸದುವಾಕ್, ಮಧ್ಯಾಹ್ನ ಅಯುತ್ಥಯಾ ಎಂದು ಎರಡನ್ನೂ ಒಂದೇ ದಿನಕ್ಕೆ ಸೇರಿಸಿದ ಪ್ಯಾಕೇಜ್‌ಗಳನ್ನು ಮಾರುತ್ತಾರೆ. ಅದನ್ನು ತಗೊಳ್ಳಬೇಡಿ. ಒಂದು ನೈಋತ್ಯಕ್ಕೆ, ಇನ್ನೊಂದು ಉತ್ತರಕ್ಕೆ. ದಿನದ ಹೆಚ್ಚು ಹೊತ್ತು ವ್ಯಾನಿನ ಕಿಟಕಿಯಲ್ಲೇ ಕಳೆದು, ಅಯುತ್ಥಯಾ ತಲುಪುವಾಗ ಸರಿಯಾಗಿ ಎರಡು ಗಂಟೆಯ ಉರಿ ಬಿಸಿಲು ಇರುತ್ತದೆ.